ಬಾಡಿಗೆ ಮನೆಯಲ್ಲಿ ಕಾಡುಕೋಳಿ

ಕಾಡುಕೋಳಿಯನ್ನು ಊರುಕೋಳಿಯ ಹಾಗೆ ಬೇಯಿಸಲು ಹೋದವರೆಲ್ಲ ಕೊನೆಗೆ ಚಪ್ಪಲಿಯ ತೊಗಲು ಜಗಿದು ಎದ್ದಿದ್ದಾರೆ. ಊರುಕೋಳಿ ಕಾಳು ತಿಂದು ಹಿತ್ತಲಲ್ಲಿ ಓಡಾಡಿಕೊಂಡಿರುತ್ತದೆ. ಕಾಡುಕೋಳಿ ಹುಟ್ಟಿದಂದಿನಿಂದ ಜೀವ ಉಳಿಸಿಕೊಳ್ಳಲು ಓಡಿ ಓಡಿ ಮೈಯೆಲ್ಲ ನರ ಮಾಡಿಕೊಂಡಿರುತ್ತದೆ. ಅದಕ್ಕೆ ಕೊಬ್ಬಿಲ್ಲ. ಕೊಬ್ಬನ್ನು ನಾವು ಎಣ್ಣೆಯಲ್ಲಿ ಕೊಡಬೇಕು, ಉಳಿದದ್ದನ್ನು ತಾಳ್ಮೆಯಲ್ಲಿ ಕೊಡಬೇಕು.

ಸಕಲೇಶಪುರದ ಕಡೆ ಕಾಫಿ ತೋಟದ ಬಿಳಿ ದೊರೆಯ ಬಂಗಲೆಯಲ್ಲಿ ಅಡುಗೆಗಿದ್ದ ಒಬ್ಬಾತ ನನ್ನ ಹತ್ತಿರ ಮೆಣಸಿನಕಾಯಿ ಕೊಳ್ಳುತ್ತಿದ್ದ. ಅವನು ಹೇಳುತ್ತಿದ್ದ: ದೊರೆಯ ದೇಶದಲ್ಲಿ ಫೆಸೆಂಟ್ ಅಂತ ಒಂದು ಹಕ್ಕಿ ಇದೆಯಂತೆ, ನಮ್ಮ ಕಾಡುಕೋಳಿ ಅದರ ದಾಯಾದಿಯಂತೆ. ಅದನ್ನು ಹೊಡೆದು ತಂದು, ಕುತ್ತಿಗೆಗೆ ದಾರ ಕಟ್ಟಿ ದಿನಗಟ್ಟಲೆ ನೇತುಹಾಕಿ, ವಾಸನೆ ಏಳುವವರೆಗೆ ಬಿಟ್ಟು ಆಮೇಲೆ ಬೇಯಿಸುತ್ತಾರಂತೆ. ಕೊಳೆತದ್ದಕ್ಕೆ ಆಸೆಪಡುವ ಇಂಥ ಗಿರಾಕಿಗಳು ನಮ್ಮ ಸಂತೆಗೂ ಬಂದಿದ್ದರೆ ನನ್ನ ಬಾಳು ಎಷ್ಟು ಹಸನಾಗುತ್ತಿತ್ತು ಅಂದುಕೊಂಡೆ.

ನಮ್ಮ ಕಡೆಯ ರೂಢಿ ಅದಕ್ಕೆ ತಿರುಗುಮುರುಗು. ಬೇಟೆಯ ಹಕ್ಕಿ ತಂದ ದಿನವೇ ಬೇಯಬೇಕು. ಸಂಬಂಧ ಬೆಳೆಸಲು ಬಂದವರು ಹಕ್ಕಿ ತಂದುಕೊಟ್ಟರಂತೂ, ಅದು ಯಾರ ಒಲೆಯ ಮೇಲೆ ಬೇಯುತ್ತದೋ ಆ ಮನೆಯವರೇ ಹೆಣ್ಣಿನ ಕಡೆಯ ಯಜಮಾನರು. ಬೇಡ ಅಂದರೆ ಸಂಬಂಧವೇ ಬೇಡ ಅಂದ ಹಾಗೆ. ಈ ರೂಢಿಗೋಸ್ಕರ ನಾನು ಒಂದು ಮನೆ ಬಿಟ್ಟೆ. ಬಿಟ್ಟದ್ದಕ್ಕೆ ಇವತ್ತಿಗೂ ನನಗೆ ವ್ಯಥೆ ಇಲ್ಲ.

ನಾನು ಹೊಳೆನರಸೀಪುರದವಳು. ಮದುವೆ ಸೀರೆಯ ಮಡಿಕೆ ಹೋಗುವ ಮೊದಲೇ ಗಂಡ ತೀರಿಕೊಂಡ. ಅಪ್ಪ ಅವ್ವ ಅದಕ್ಕೂ ಮೊದಲೇ ಹೋಗಿದ್ದರು. ನನ್ನ ಕೈಯಲ್ಲಿ ಉಳಿದವಳು ತಂಗಿ ಒಬ್ಬಳು. ಸೋದರಮಾವ, ‘ನಮ್ಮ ಮನೇಲಿ ಒಂದು ಮೂಲೆ ಐತೆ, ಕೊಟ್ಟಿಗೆ ಕೆಲಸ ಮಾಡ್ಕಂಡು ಬಿದ್ದಿರಿ’ ಅಂದ. ಮೂಲೆಯಲ್ಲಿ ಕೂರುವುದು ನನಗೆ ಒಗ್ಗಲಿಲ್ಲ. ನರಸೀಪುರದ ಸಂತೆಯಲ್ಲಿ ಕೊತ್ತಂಬರಿ ಬೀಜ ಹರಡಿಕೊಂಡು ಕೂತೆ. ಆಮೇಲೆ ಚನ್ನರಾಯಪಟ್ಟಣದ ಸಂತೆಯಲ್ಲಿ ಒಣಮೆಣಸಿನಕಾಯಿ, ಕೊಬ್ಬರಿ. ಮೆಣಸಿನಕಾಯಿ ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬೇಡಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಬೀಜ ಗಲಗಲ ಅನ್ನಬೇಕು. ಸದ್ದು ಮಾಡದ ಕಾಯಿಯೊಳಗೆ ನೀರಿರುತ್ತದೆ, ನೀವು ನೀರಿಗೆ ಕಾಸು ಕೊಡುತ್ತೀರಿ. ಇಷ್ಟು ತಿಳಿದವಳಿಗೆ ಹಾಸನದ ಪೇಟೆ ಏನೂ ದೂರವಿರಲಿಲ್ಲ.

ದೂರವಿದ್ದದ್ದು ಮನೆ. ಯುದ್ಧದ ಕಾಲ, ಹಾಸನದಲ್ಲಿ ಮನೆ ಸಿಗುವುದೇ ಕಷ್ಟ. ಗಂಡಸಿಲ್ಲದ ಮನೆಯವರು ಅಂದರೆ ಬಾಗಿಲು ತೆಗೆಯುವ ಮೊದಲೇ ಮುಚ್ಚುತ್ತಿದ್ದರು. ಪೇಟೆಯಲ್ಲಿ ಬೆಲ್ಲದ ಅಂಗಡಿ ಇಟ್ಟಿದ್ದ ಸಾವುಕಾರರ ಮನೆಯ ಮಗ್ಗುಲಿಗೇ ಅವರದೇ ಇನ್ನೊಂದು ಮನೆ ಖಾಲಿ ಇದೆ ಅಂತ ತಿಳಿದು ಹೋದೆ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಜಗುಲಿಯ ಮೇಲೆ ಕೂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಯಾವ ಜನ ಅಂತ ಕೇಳಿ ತಿಳಿದುಕೊಂಡು, ‘ಬಾಡಿಗೆ ಕೊಡಾಕಿಲ್ಲ ಕಣವ್ವ’ ಅಂದರು.

‘ಬಾಡಿಗೆ ಕೊಡಲ್ಲ ಅಂದ್ಮೇಲೆ ಯಾಕೆ ಸಾವುಕಾರ್ರೇ ಖಾಲಿ ಮಡಗಿದ್ದೀರಿ?’

‘ಬಾಡಿಗೆ ಕೊಡ್ತೀನಿ ಅಂತಾನೆ ಮಡಗಿರೋದು.’

‘ಈಗ ತಾನೆ ಕೊಡಾಕಿಲ್ಲ ಅಂದ್ರಿ.’

‘ಅಯ್ಯೋ, ಬಾಡಿಗೆ ಕೊಡ್ತೀನಿ ಕಣವ್ವ, ಬಾಡಿಗೆ ಕೊಡಾಕಿಲ್ಲ!’

ಒಳಗಿನಿಂದ ಅವರ ಹೆಂಡತಿ ಕಿಸಕ್ಕನೆ ನಕ್ಕರು. ಆಗ ನನಗೆ ಹೊಳೆಯಿತು. ಮನೆಯನ್ನು ಬಾಡಿಗೆಗೆ ಕೊಡುತ್ತಾರೆ, ಬಾಡು ಬೇಯಿಸುವುದಕ್ಕೆ ಕೊಡುವುದಿಲ್ಲ. ಬಾಡು ಅಂದರೆ ಮಾಂಸ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಎರಡಕ್ಕೂ ಒಂದೇ ಮಾತು ಮಾಡಿಟ್ಟವರು ಯಾರೋ ಕಾಣೆ. ನಾನು ಸೆರಗು ಸರಿಮಾಡಿಕೊಂಡು, ‘ಆಯ್ತು’ ಅಂದೆ. ಯಾವುದಕ್ಕೆ ಆಯ್ತು ಅಂತ ಅವರು ಕೇಳಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಎದುರಿನವನು ಕೇಳದೆ ಇದ್ದದ್ದನ್ನು ತಾನೇ ಮೇಲೆ ಬಿದ್ದು ಹೇಳುವವರು ವ್ಯಾಪಾರಕ್ಕೆ ಬರಬಾರದು.

ಆದರೂ ಆ ಮನೆಯಲ್ಲಿ ಇದ್ದಷ್ಟು ಕಾಲ ಸೊಪ್ಪು, ಹುರುಳಿ, ಅವರೆಕಾಳಿನಲ್ಲೇ ದಿನ ದೂಡಿದೆವು. ಬಾಡಿನ ಆಸೆ ಆದಾಗ ನರಸೀಪುರದ ನಂಟರ ಮನೆಗೆ ಹೋಗಿ ಉಂಡು ಬರುತ್ತಿದ್ದೆವು. ಒಳ್ಳೆಯ ಮನೆ, ಹಿತ್ತಲಲ್ಲಿ ಬಾವಿ, ಮೂಟೆ ಇಡಲು ಒಣಗಿದ ನಡುಮನೆ. ಅದನ್ನು ಕಳೆದುಕೊಳ್ಳುವ ಹಂಬಲ ಯಾರಿಗಿತ್ತು?

ಅಷ್ಟರಲ್ಲಿ ತಂಗಿಗೆ ಅರಕಲಗೂಡಿನ ಪಕ್ಕದ ಹಳ್ಳಿಯಿಂದ ಒಂದು ಸಂಬಂಧ ಬಂತು. ಹುಡುಗ ಹೈಸ್ಕೂಲು ಮೆಟ್ಟಿಲು ಹತ್ತಿದ್ದವನು, ಹೊಲಗದ್ದೆ ಇತ್ತು, ಕುಡಿಯುವ ಚಟ ಇರಲಿಲ್ಲ. ನೋಡಲು ಬಂದಾಗ ತಂಗಿ ತಲೆ ಎತ್ತಿ ಅವನನ್ನು ನೋಡಿದಳು. ಅವಳು ಹಾಗೆ ಯಾರನ್ನೂ ನೋಡಿದವಳಲ್ಲ. ಹುಡುಗನ ಅಪ್ಪನಿಗೂ ಒಪ್ಪಿಗೆ. ಆದರೆ ನನ್ನ ಸೋದರಮಾವ ನಡುವೆ ಬಾಯಿ ಹಾಕಿದ್ದ. ‘ಹೆಣ್ಣಿನ ಅಕ್ಕ ತಾಳಿ ಇಲ್ಲದೋಳು. ಮಾತುಕತೆ ನಮ್ಮನೇಲಿ ಆಗ್ಲಿ, ಧಾರೆ ಹೊತ್ತಲ್ಲಿ ಅವಳು ಒಳಗಿರ್ತಾಳೆ’ ಅಂತ ಹೇಳಿಕಳಿಸಿದ್ದ. ಗಂಡಿನ ಕಡೆಯವರು ಅದಕ್ಕೆ ಹೂಂ ಅಂದಿದ್ದರು.

ತಂಗಿಗೆ ಗಂಜಿ ಕುಡಿಸಿ ಬೆಳೆಸಿದವಳು ನಾನು. ಅವಳ ಮದುವೆಯ ದಿನ ನಾನು ಕೋಣೆಯೊಳಗೆ ಕದ ಹಾಕಿಕೊಂಡು ಕೂರಬೇಕಂತೆ. ‘ಮಾತುಕತೆ ಹಾಸನದಲ್ಲಿ, ನನ್ನ ಮನೇಲಿ. ಇಲ್ಲದಿದ್ದರೆ ಬೇಡ’ ಅಂತ ನಾನೂ ಹೇಳಿಕಳಿಸಿದೆ. ಹೇಳಿ ಕಳಿಸಿದ ಮೇಲೆ ಭಯವಾಯಿತು, ನಿಜ. ಹುಡುಗನಂಥ ಹುಡುಗ ಕೈತಪ್ಪಿದರೆ ತಂಗಿಯ ಮುಖ ಹೇಗೆ ನೋಡಲಿ? ಆದರೆ ಮೊದಲ ಮಾತಿಗೇ ಬಗ್ಗಿದರೆ ಕೊನೆಯ ಮಾತಿನವರೆಗೂ ಬಗ್ಗಿಯೇ ಇರಬೇಕಾಗುತ್ತದೆ.

ಹುಡುಗನ ಅಪ್ಪ ಬಂದರು. ಪೆಟ್ರೋಲಿಲ್ಲದೆ ಇದ್ದಿಲಲ್ಲಿ ಓಡುತ್ತಿದ್ದ ಅರಕಲಗೂಡಿನ ಬಸ್ಸಿನಿಂದ ಇಳಿದಾಗ ಪಂಚೆಯೆಲ್ಲ ಮಸಿ. ಹಿಂದೆಯೇ ನನ್ನ ಸೋದರಮಾವ. ಗಂಡಿನ ಕಡೆಯ ಆ ಹಿರಿಯರ ಕೈಯಲ್ಲಿ ಮುತ್ತುಗದ ಎಲೆ ಸುತ್ತಿದ ಗಂಟು. ಅದನ್ನು ಜಗುಲಿಯ ಮೇಲೆ ಬಿಚ್ಚಿದರು. ಎರಡು ಕಾಡುಹುಂಜ. ಕತ್ತಿನ ಗರಿಗಳ ಮೇಲೆ ಅರಗಿನ ಚುಕ್ಕೆ ಇಟ್ಟ ಹಾಗೆ ಹೊಳಪು.

‘ತಗಳವ್ವ. ಒತ್ತಾರೆ ಗೊರೂರು ಕಡೆ ಕಾಡಲ್ಲಿ ಒಡ್ದಿದ್ದು. ಬೇಯ್ಸು, ಉಂಡ್ಕಂಡು ಮಾತಾಡಾನ.’

ಪಾಪ, ಅವರಿಗೆ ಮನೆಯ ಸಂಗತಿ ಗೊತ್ತಿರಲಿಲ್ಲ. ಸೋದರಮಾವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ: ‘ಇಲ್ಲಿ ಒಲೆ ಮೇಲೆ ಇಟ್ರೆ ಸಾವುಕಾರ್ರು ನಿನ್ನ ಬೀದಿಗೆ ಆಕ್ತಾರೆ. ಗಂಟು ನಂಗೆ ಕೊಡು. ಬೀಗ್ರುನ್ನ ನಮ್ಮನೆಗೆ ಕರ್ಕಂಡೋಗಿ ನಾನೇ ಬೇಯ್ಸಾಕ್ತೀನಿ.’ ಗಂಟು ಅವನ ಮನೆಗೆ ಹೋದರೆ ಯಜಮಾನಿಕೆಯೂ ಅಲ್ಲಿಗೇ ಹೋಗುತ್ತಿತ್ತು. ಬರುವ ದಾರಿಯುದ್ದಕ್ಕೂ ಅವನು ಅದನ್ನೇ ಲೆಕ್ಕ ಹಾಕಿಕೊಂಡು ಬಂದಿದ್ದ.

ನಾನು ಗಂಟು ಎತ್ತಿಕೊಂಡು ಒಳಗೆ ನಡೆದೆ. ಅಡುಗೆಮನೆಯಲ್ಲಿ ತಂಗಿ ಒಲೆಗೆ ಅಡ್ಡವಾಗಿ ನಿಂತಳು.

‘ಅಕ್ಕ, ಮನೆ ಬಿಡ್ಸಿಬುಟ್ರೆ?’

‘ಮನೆ ಇನ್ನೊಂದು ಸಿಗ್ತದೆ. ನಿಂಗೆ ಇನ್ನೊಬ್ಬ ಹುಡುಗ ಬೇಕಾ?’

‘ಬ್ಯಾಡ.’

‘ಅಂಗಾರೆ ಬೆಳ್ಳುಳ್ಳಿ ಸುಲಿ.’

ಕಾಡುಕೋಳಿಯನ್ನು ಬಿಸಿನೀರಿಗೆ ಅದ್ದಬೇಡಿ, ಚರ್ಮ ಕಿತ್ತುಬರುತ್ತದೆ. ಒಣಗಿದ್ದಾಗಲೇ ಗರಿ ತರಿದು, ಹುಲ್ಲಿನ ಉರಿಯಲ್ಲಿ ಸೀಯಿಸಿ, ಅರಿಸಿನ ತಿಕ್ಕಿ ತೊಳೆಯಬೇಕು. ಕೊಯ್ಯುವಾಗ ಪಿತ್ತ ಒಡೆಯದ ಹಾಗೆ ನೋಡಿಕೊಳ್ಳಿ, ಒಡೆದರೆ ಸಾರೆಲ್ಲ ಕಹಿ. ಬಂದೂಕಿನ ಚರೆ ಎಲ್ಲಿ ಹೊಕ್ಕಿದೆ ಅಂತ ಬೆರಳಲ್ಲಿ ತಡಕಿ ತೆಗೆಯಿರಿ. ಕಾಲಿನ ಹಿಂದಿನ ಮುಳ್ಳು ಉದ್ದವಾಗಿದ್ದರೆ ಹುಂಜ ಮುದಿ. ಇವೆರಡರಲ್ಲಿ ಒಂದು ಮುದಿಯೇ. ಅದಕ್ಕೆ ಹಸಿ ಪರಂಗಿಕಾಯಿಯ ಚೂರು ಅರೆದು ಸವರಿಟ್ಟೆ. ಮಡಕೆಗೆ ಹುಚ್ಚೆಳ್ಳೆಣ್ಣೆಯನ್ನು ಕೈ ಬಿಗಿ ಹಿಡಿಯದೆ ಸುರಿದೆ. ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಮೇಲೆ ಬಾಡು. ಅದು ತನ್ನ ನೀರು ತಾನು ಬಿಟ್ಟು ತಾನೇ ಕುಡಿಯುವವರೆಗೆ ಹೊರಗಿನ ನೀರು ತೋರಿಸಬಾರದು. ಉಪ್ಪು ಕೊನೆಗೆ. ಹುರಿದ ಮೆಣಸಿನಕಾಯಿ, ಕೊತ್ತಂಬರಿ, ಕಾಳುಮೆಣಸು, ಚೆಕ್ಕೆ ಲವಂಗ, ಗಸಗಸೆ, ಕಾಯಿ, ಎಲ್ಲ ಕಲ್ಲಿನ ಮೇಲೆ ನುಣ್ಣಗೆ ಅರೆದೆ. ಉರಿ ಸಣ್ಣದಿರಲಿ. ಎಷ್ಟು ಹೊತ್ತು ಅಂತ ಕೇಳಬೇಡಿ, ಮೂಳೆಯಿಂದ ಬಾಡು ಬಿಡುವವರೆಗೆ.

ತಂಗಿ ಹೊಗೆ ಆಚೆ ಹೋಗದಿರಲಿ ಅಂತ ಕಿಟಕಿ ಮುಚ್ಚಲು ಹೋದಳು. ನಾನು ತೆಗೆಸಿದೆ. ಕದ್ದು ಬೇಯಿಸಿದ್ದನ್ನು ಬೀಗರಿಗೆ ಬಡಿಸಲು ನನಗೇನು ಬಂದಿತ್ತು?

ಮಸಾಲೆ ಕುದಿ ಬರುವ ಹೊತ್ತಿಗೆ ಸಾವುಕಾರರು ಮೂಗಿಗೆ ಟವೆಲು ಹಿಡಿದು ಜಗುಲಿಯ ಕೆಳಗೆ ನಿಂತಿದ್ದರು.

‘ಏನವ್ವಾ ಇದು? ನನ್ನ ಮನೇಲಿ!’

‘ಕಾಡುಕೋಳಿ ಸಾವುಕಾರ್ರೇ. ಬೀಗರು ಬಂದವ್ರೆ.’

‘ಬಾಡಿಗೆ ಕೊಡಾಕಿಲ್ಲ ಅಂದಿದ್ದೆ. ನೀನು ಆಯ್ತು ಅಂದಿದ್ದೆ.’

‘ಬಾಡಿಗೆ ಕೊಡ್ತೀನಿ ಅಂತಾನೂ ಅಂದಿದ್ರಿ. ನಾನು ಆಯ್ತು ಅಂದಿದ್ದು ಅದಕ್ಕೆ.’

ಗೋಡೆಯಾಚೆ ಅವರ ಹೆಂಡತಿ ನಕ್ಕದ್ದು ಕೇಳಿಸಿತು. ಜಗುಲಿಯ ಮೇಲಿದ್ದ ಹಿರಿಯರೂ, ‘ಅಯ್ಯೋ ಶಿವ್ನೇ’ ಅಂತ ನಗಲು ಹೊರಟವರು, ಸಾವುಕಾರರ ಮುಖ ನೋಡಿ ಕೆಮ್ಮಿದರು. ಸಾವುಕಾರರಿಗೆ ನಗು ಬರಲಿಲ್ಲ.

‘ಮಾತಲ್ಲಿ ಗೆಲ್ಬೋದು ಕಣವ್ವ. ತಿಂಗಳು ತುಂಬಿದ ದಿನ ಮನೆ ಖಾಲಿ ಮಾಡ್ಬುಡು.’

‘ಮಾಡ್ತೀನಿ. ತಿಂಗಳು ತುಂಬೋವರ್ಗೂ ಒಲೆ ನಂದು. ಇವತ್ತು ಆರ್ಸಾಕಿಲ್ಲ.’

ಅವರು ಹೋದರು. ಅವರು ಕೆಟ್ಟವರಲ್ಲ, ತಮ್ಮ ನೇಮಕ್ಕೆ ತಾವು ನಡೆದುಕೊಂಡರು. ನನ್ನ ತಕರಾರು ಅವರ ಜೊತೆ ಇರಲೇ ಇಲ್ಲ. ಅದು ಇದ್ದದ್ದು ಜಗುಲಿಯ ಮೂಲೆಯಲ್ಲಿ ಕೂತು ನೆಲಕ್ಕೆ ಹಲ್ಲು ಕಿರಿಯುತ್ತಿದ್ದ ಸೋದರಮಾವನ ಜೊತೆ.

‘ಮನೆ ಕಳ್ಕಂಡೆಯಲ್ಲೇ,’ ಅಂದ ಅವನು. ‘ಮನೆ ಇಲ್ದೋಳ್ ಜೊತೆ ಯಾರು ಮಾತಾಡ್ತಾರೆ?’

ನಾನು ಎಲೆ ಹಾಕಿದೆ. ಮುದ್ದೆ ಬಿಸಿಬಿಸಿ, ಅದರ ಪಕ್ಕ ಸಾರು, ಮೇಲೆ ಕಪ್ಪಗೆ ಬೆಂದ ಬಾಡು. ಹಿರಿಯರು ಮುದ್ದೆ ಮುರಿದು ಉಂಡರು. ನನ್ನ ಬೆರಳಿಗೆ ತಪ್ಪಿದ್ದ ಒಂದು ಚರೆ ಹಲ್ಲಿಗೆ ಸಿಕ್ಕಿದಾಗ ತೆಗೆದು ಎಲೆಯ ಅಂಚಿನಲ್ಲಿಟ್ಟು, ಮತ್ತೆ ಸಾರು ಕೇಳಿದರು. ಸೋದರಮಾವನೂ ಏನು ಕಮ್ಮಿ ಉಣ್ಣಲಿಲ್ಲ.

ಎಲೆಯಡಿಕೆ ಹಾಕಿಕೊಂಡ ಮೇಲೆ ಹಿರಿಯರು ಬಾಯಿಬಿಟ್ಟರು. ‘ನನ್ನಿಂದ ನಿನ್ ಮನೆ ಓಯ್ತಲ್ಲವ್ವ. ಒಂದ್ ಮಾತು ಏಳಿದ್ರೆ ನಾನೇ ಗಂಟು ಬೇರೆ ಕಡೀಕೆ ಕಳುಸ್ತಿದ್ದೆ.’

‘ಅದ್ಕೇ ಏಳ್ಲಿಲ್ಲ ಬೀಗ್ರೇ. ಗಂಟು ಬೇರೆ ಕಡೀಕೆ ಓದ್ರೆ ನನ್ ತಂಗೀನೂ ಬೇರೆಯವರ ಮನೆ ಹೆಣ್ಣಾಯ್ತಾಳೆ.’

ಹೊಟ್ಟೆ ತುಂಬಿದ್ದು, ಮನಸ್ಸು ಭಾರವಾಗಿದ್ದು, ಎರಡೂ ಒಟ್ಟಿಗೆ ಇರುವ ಗಳಿಗೆ ಯಾವ ವ್ಯಾಪಾರದಲ್ಲೂ ಪದೇ ಪದೇ ಸಿಗುವುದಿಲ್ಲ. ಸಿಕ್ಕಾಗ ಅಳುತ್ತ ಕೂರಬೇಡಿ, ಕೇಳಬೇಕಾದ್ದನ್ನು ಕೇಳಿಬಿಡಿ. ನಾನು ಕೇಳಿದೆ: ‘ಚಪ್ಪರ ನಾನಾಕ್ತೀನಿ, ಊಟ ನಾನು ಮಾಡುಸ್ತೀನಿ. ಧಾರೆ ಹೊತ್ತಲ್ಲಿ ನನ್ ತಂಗಿ ಪಕ್ಕ ನಾನೇ ನಿಲ್ತೀನಿ. ಒಳಗೆ ಕೂರಾಕಿಲ್ಲ.’

ಹಿರಿಯರು ಎಲೆಯಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿದರು. ‘ಜನ ಏನಂದಾರವ್ವ?’

‘ಜನ ಊಟಕ್ಕೆ ಬತ್ತಾರೆ ಬೀಗ್ರೇ. ಉಂಡ್ಕಂಡು ಓಯ್ತಾರೆ.’

‘ತಾಳಿ ಇಲ್ಲದೋಳು ಮುಂದೆ ನಿಲ್ಲೋದುಂಟಾ?’ ಅಂದ ಸೋದರಮಾವ.

ಹಿರಿಯರು ಅವನ ಕಡೆ ತಿರುಗಿದರು. ‘ನಿಮ್ಮ ಒಲೆ ಮೇಲೆ ಬೆಂದಿದ್ರೆ ನಿಮ್ಮ ಮಾತು ಕೇಳ್ತಿದ್ದೆ. ಬೆಂದಿದ್ದು ಇಲ್ಲಿ.’ ಆಮೇಲೆ ನನಗೆ, ‘ಬಲು ಬಿಗಿ ಕಣವ್ವ ನೀನು. ಆಗ್ಲಿ’ ಅಂದರು.

ತಿಂಗಳು ತುಂಬುವ ಮೊದಲೇ ಗಾಡಿಗೆ ಮೂಟೆ ಹೇರಿಕೊಂಡು ಮೊಸಳೆ ಅನ್ನುವ ಊರಿನ ದಾರಿಯಲ್ಲಿ ಒಂದು ಹೆಂಚಿನ ಮನೆಗೆ ಹೋದೆವು. ಸೋರುವ ಮನೆ, ಬಾವಿ ದೂರ. ಆದರೆ ಒಲೆಯ ಮೇಲೆ ಏನಿದೆ ಅಂತ ಇಣುಕುವವರು ಅಲ್ಲಿ ಇರಲಿಲ್ಲ. ಅದರ ಮುಂದೆಯೇ ಚಪ್ಪರ ಹಾಕಿಸಿದೆ.

ಧಾರೆಯ ಹೊತ್ತಿಗೆ ಯಾರೋ ಮುದುಕಿ ನನ್ನ ರಟ್ಟೆ ಹಿಡಿದು ಜಗ್ಗಿದಳು. ‘ಇಂದಕ್ಕೆ ಸರ್ಕಳೇ, ಅಪಶಕುನ.’ ಹೆಂಗಸರ ನಡುವೆ ಗುಜುಗುಜು ಎದ್ದಿತು. ನನ್ನ ಪರವಾಗಿ ಯಾರಾದರೂ ಮಾತಾಡುತ್ತಾರೇನೋ ಅಂತ ನಾನು ಕಾಯಲಿಲ್ಲ. ತಂಗಿ ಮುಸುಕಿನೊಳಗಿಂದಲೇ ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಿದ್ದಳು. ನಾನು ಕಾಲು ಕದಲಿಸಲಿಲ್ಲ. ಅಪ್ಪನಿಲ್ಲದ ಹೆಣ್ಣಿಗೆ ಧಾರೆ ಎರೆಯಲು ನೀರಿನ ಚೊಂಬು ಹಿಡಿದ ಸೋದರಮಾವ ಅತ್ತ ಬಂದ, ಇತ್ತ ಬಂದ, ದಾರಿ ಸಿಗಲಿಲ್ಲ. ಕೊನೆಗೆ ನನ್ನ ಹೆಗಲ ಹಿಂದಿನಿಂದ ಕೈ ಚಾಚಿ ಧಾರೆ ಎರೆದ.