ಟೇಪಮ್ಮ ಬರೆದ ಇಪ್ಪತ್ತೊಂದು

ಸಮುದ್ರದಂಡೆಯ ಡೈವಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಟ್ಯಾಂಕುಗಳಿಗೆ ಗಾಳಿ ತುಂಬಿಸುತ್ತಿದ್ದ ಹೆಂಗಸನ್ನು ಎಲ್ಲರೂ ಟೇಪಮ್ಮ ಅಂತಲೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಆಸ್ಪತ್ರೆಯ ಚೀಟಿಯಲ್ಲಿ ಬಿಟ್ಟರೆ ಎಲ್ಲೂ ಇರಲಿಲ್ಲ. ತುಂಬಿಸಿದ ಪ್ರತಿ ಟ್ಯಾಂಕಿನ ಕತ್ತಿಗೆ ಗೇಣುದ್ದ ಬಿಳಿ ಟೇಪು ಸುತ್ತಿ, ಒಳಗೇನಿದೆ, ಎಷ್ಟು ಆಳಕ್ಕೆ ಒಯ್ಯಬಹುದು, ತಾರೀಕೆಷ್ಟು ಅಂತ ದಪ್ಪ ಕಪ್ಪು ಪೆನ್ನಿನಲ್ಲಿ ಬರೆಯುತ್ತಿದ್ದಳು. ಅಕ್ಷರ ಮುತ್ತು ಪೋಣಿಸಿದ ಹಾಗೆ.

ಆ ಅಂಗಡಿಯಲ್ಲಿ ಎರಡು ಬಗೆ ಸಿಗುತ್ತಿತ್ತು. ಒಂದು ನಾವು ನೀವು ಉಸಿರಾಡುವ ಮಾಮೂಲಿ ಗಾಳಿ. ನೂರಕ್ಕೆ ಇಪ್ಪತ್ತೊಂದು ಪಾಲು ಆಕ್ಸಿಜನ್. ಇನ್ನೊಂದು ನೈಟ್ರಾಕ್ಸ್, ಅದೇ ಗಾಳಿಗೆ ಆಕ್ಸಿಜನ್ ಸೇರಿಸಿ ಮೂವತ್ತೆರಡೋ ಮೂವತ್ತಾರೋ ಮಾಡಿದ್ದು. ನೈಟ್ರಾಕ್ಸ್ ಇದ್ದರೆ ನೀರೊಳಗೆ ಹೆಚ್ಚು ಹೊತ್ತು ಇರಬಹುದು. ಹಾಗಂತ ಎಲ್ಲಿಗೆ ಬೇಕಾದರೂ ಹೊತ್ತುಕೊಂಡು ಹೋಗುವ ಹಾಗಿಲ್ಲ. ಅದರ ಗಡಿ ದಾಟಿ ಕೆಳಗಿಳಿದರೆ ಬದುಕಿಸುವ ಆಕ್ಸಿಜನ್ನೇ ವಿಷವಾಗಿ ಫಿಟ್ಸ್ ಬಂದುಬಿಡಬಹುದು. ನಲವತ್ತು ಮೀಟರ್ ನೀರಿನಡಿ ಫಿಟ್ಸ್ ಬಂದರೆ ಬಾಯಲ್ಲಿರುವ ಕೊಳವೆ ಜಾರುತ್ತದೆ, ಆಮೇಲಿನದು ಹೇಳುವುದೇ ಬೇಡ.

ದೊಡ್ಡ ಅಂಗಡಿಯವರು ಎರಡಕ್ಕೂ ಬೇರೆ ಬೇರೆ ಟ್ಯಾಂಕು ಇಟ್ಟುಕೊಂಡಿರುತ್ತಾರೆ. ಇಲ್ಲಿದ್ದದ್ದೇ ನಲವತ್ತು ಟ್ಯಾಂಕು, ಎಲ್ಲಕ್ಕೂ ಒಂದೇ ಬಣ್ಣ. ಇವತ್ತು ಗಾಳಿ ತುಂಬಿದ್ದಕ್ಕೆ ನಾಳೆ ನೈಟ್ರಾಕ್ಸ್. ಎಣ್ಣೆಯ ಪಸೆ ಇದ್ದ ಕಡೆ ಆಕ್ಸಿಜನ್ ಹೊಕ್ಕರೆ ಬೆಂಕಿ ಹತ್ತುತ್ತದೆ ಅಂತ ಟೇಪಮ್ಮ ಕಂಪ್ರೆಸರಿನ ಫಿಲ್ಟರನ್ನು ತಪ್ಪದೆ ಬದಲಿಸುತ್ತಿದ್ದಳು. ಖಾಲಿ ಮಾಡದೆ ಯಾವ ಟ್ಯಾಂಕಿನ ಹಳೇ ಟೇಪನ್ನೂ ಕೀಳುತ್ತಿರಲಿಲ್ಲ. ಇಷ್ಟರ ಮೇಲೂ ಕೈ ತಪ್ಪಿದರೆ? ಅದಕ್ಕೇ ಗೋಡೆಗೊಂದು ನಿಯಮ ಅಂಟಿಸಿತ್ತು: ಟ್ಯಾಂಕು ಒಯ್ಯುವವರು ಆಕ್ಸಿಜನ್ ಮೀಟರ್ ಹಿಡಿದು ತಾವೇ ಅಳೆದು, ಬಂದ ಅಂಕಿಯನ್ನು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು.

ನಿಯಮ ಗೋಡೆಯ ಮೇಲೆ ಆರಾಮಾಗಿತ್ತು. ಹನ್ನೆರಡು ವರ್ಷದ ಗಿರಾಕಿ ಹಲ್ಲಿನ ಡಾಕ್ಟರು ಟೇಪು ನೋಡುವುದು, ಅದರಲ್ಲಿದ್ದ ಅಂಕಿಯನ್ನೇ ಬರೆಯುವುದು, ಸಹಿ ಗೀಚುವುದು. "ನೀವು ತುಂಬಿಸಿದ್ದು ಅಂದ್ಮೇಲೆ ಅಳೆಯೋದೇನಮ್ಮಾ?" ಅನ್ನುತ್ತಿದ್ದರು. ಉಳಿದವರದ್ದೂ ಅದೇ ಪಾಠ. "ನಿಯಮ ನಿಯಮಾನೇ ಡಾಕ್ಟ್ರೇ," ಅಂತ ಟೇಪಮ್ಮ ಬಾಯಿಮಾತಿಗೆ ಅನ್ನುತ್ತಿದ್ದಳು, ಒಳಗೊಳಗೇ ಉಬ್ಬಿಹೋಗುತ್ತಿದ್ದಳು. ಸುಳ್ಳು ಯಾಕೆ ಹೇಳಬೇಕು, ಗಂಡ ಹೋದ ಮೇಲೆ ಆಕೆಯ ಕಿವಿಗೆ ಬೀಳುತ್ತಿದ್ದ ಒಳ್ಳೇ ಮಾತು ಅದೊಂದೇ. ಮನೆಯಲ್ಲಿ ಮಗನೋ, ತಟ್ಟೆಗೆ ಏನು ಬಿದ್ದರೂ ತಲೆ ಬಗ್ಗಿಸಿ ತಿಂದು ಕೈ ತೊಳೆಯುವ ಆಸಾಮಿ.

ಆ ಮಗ ಮದುವೆಯಾಗಿ ಕರೆತಂದ ಹುಡುಗಿ ಡೈವಿಂಗ್ ಗೈಡು. ಅತ್ತೆ ಇದ್ದ ಅಂಗಡಿಗೇ ಕೆಲಸಕ್ಕೆ ಸೇರಿದಳು. ಮೊದಲನೇ ದಿನವೇ ಅತ್ತೆ ತುಂಬಿಸಿದ ಟ್ಯಾಂಕಿಗೆ, ದೋಣಿಯವನ ಎದುರೇ, ಮೀಟರ್ ಹಿಡಿದಳು.

"ಯಾಕೆ, ನಾನು ಬರೆದಿದ್ದು ಕಾಣಲ್ವಾ?" ಅಂದಳು ಟೇಪಮ್ಮ.

"ಕಾಣುತ್ತೆ ಅತ್ತೆ. ಎಷ್ಟು ಚೆನ್ನಾಗಿ ಬರೆದಿದ್ದೀರಿ," ಅಂದ ಸೊಸೆ ಮೀಟರಿನಿಂದ ಕಣ್ಣು ತೆಗೆಯಲಿಲ್ಲ.

ದಿನಾ ಇದೇ ಆಯಿತು. ಟೇಪಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಮೂರನೇ ತಿಂಗಳಲ್ಲಿ ಒಂದು ಬೆಳಗ್ಗೆ, ಮನೆಯಲ್ಲಿ ತಿಂಡಿ ತಿನ್ನುವಾಗ, ಗೋಡೆಗೆ ಹೇಳುವ ಹಾಗೆ ಹೇಳಿಯೇಬಿಟ್ಟಳು. "ಊರೆಲ್ಲ ನಂಬುತ್ತೆ. ಮನೆಯವರಿಗೇ ನಂಬಿಕೆ ಇಲ್ಲ."

ಸೊಸೆ ಲೋಟ ಕೆಳಗಿಟ್ಟಳು. "ನಂಬಿಕೆ ಇರೋದಕ್ಕೇ ಈ ಮನೆಗೆ ಬಂದೆ ಅತ್ತೆ. ಮೀಟರ್ ಹಿಡಿಯೋದು ನೀರಿಗೆ ಹೆದರಿ."

ಅದಕ್ಕೆ ತಕ್ಕ ಉತ್ತರಗಳು ಟೇಪಮ್ಮನಿಗೆ ಅಂಗಡಿಗೆ ಬಂದ ಮೇಲೆ ಒಂದರ ಹಿಂದೊಂದು ಹೊಳೆಯತೊಡಗಿದವು. ಹೀಗನ್ನಬೇಕಿತ್ತು, ಹಾಗನ್ನಬೇಕಿತ್ತು ಅಂತ ಮನಸ್ಸಿನಲ್ಲೇ ಜಗಳವಾಡುತ್ತ, ವಾಪಸು ಬಂದ ಟ್ಯಾಂಕುಗಳನ್ನು ತೊಳೆಯುತ್ತ, ಟೇಪು ಕೀಳುತ್ತ ಹೋದಳು. ಅದರಲ್ಲಿ ಒಂದು ಟ್ಯಾಂಕು ಮೂವತ್ತಾರರ ನೈಟ್ರಾಕ್ಸಿನದು. ಕಿವಿ ನೋವು ಅಂತ ಅದನ್ನು ಒಯ್ದವನು ಇಳಿದ ಐದೇ ನಿಮಿಷಕ್ಕೆ ಮೇಲೆ ಬಂದಿದ್ದ, ಒಳಗಿನದು ಮುಕ್ಕಾಲಿಗೂ ಮೇಲೆ ಹಾಗೇ ಉಳಿದಿತ್ತು. ಅದರ ಟೇಪೂ ಕಿತ್ತುಬಂತು. ಚಹಾ ಕುಡಿದು ಬಂದು ನೋಡಿದರೆ ಟೇಪಿಲ್ಲದ ಟ್ಯಾಂಕು, ಹತ್ತಿರ ಹತ್ತಿರ ತುಂಬಿದೆ. ಗಾಳಿ ತುಂಬಿಸುತ್ತ ಅರ್ಧಕ್ಕೇ ಬಿಟ್ಟೆನೇನೋ ಅಂದುಕೊಂಡು ಕೊರತೆಯಷ್ಟು ಗಾಳಿ ತುಂಬಿಸಿ, "ಗಾಳಿ, ಇಪ್ಪತ್ತೊಂದು" ಅಂತ ಮುತ್ತಿನಂಥ ಅಕ್ಷರದಲ್ಲಿ ಬರೆದಳು.

ಮಾರನೇ ದಿನ ದೋಣಿ ಹೊರಟಿದ್ದು ಮುಳುಗಿದ ಸರಕು ಹಡಗಿನ ಹತ್ತಿರ. ನಲವತ್ತು ಮೀಟರ್ ಆಳ. ಅಲ್ಲಿಗೆ ಮಾಮೂಲಿ ಗಾಳಿಯೇ ಆಗಬೇಕು. ಹಲ್ಲಿನ ಡಾಕ್ಟರು ಇಪ್ಪತ್ತೊಂದು ಅಂತ ಬರೆದು, ಸಹಿ ಹಾಕಿ, ದೋಣಿ ಹತ್ತಿ ಕೂತರು.

ಸ್ವಲ್ಪ ಹೊತ್ತಿಗೆ ಸೊಸೆ ಒಂದು ಟ್ಯಾಂಕನ್ನು ಅಪ್ಪಿ ಹಿಡಿದುಕೊಂಡು ಹಿಂದಿನ ಕೋಣೆಗೆ ಬಂದು ಬಾಗಿಲು ಹಾಕಿದಳು.

"ಅತ್ತೆ, ಇದನ್ನೊಂದು ಸಲ ಅಳೆದು ನೋಡ್ತೀರಾ?"

ಟೇಪಮ್ಮ ಅಳೆದಳು. ಮೂವತ್ನಾಲ್ಕು. ಮೀಟರ್ ಕೆಟ್ಟಿರಬೇಕು ಅಂತ ಕಿಟಕಿಯ ಗಾಳಿಗೆ ಹಿಡಿದಳು, ಸರಿಯಾಗಿ ಇಪ್ಪತ್ತೊಂದು ತೋರಿಸಿತು. ಮತ್ತೆ ಟ್ಯಾಂಕಿಗೆ ಹಿಡಿದಳು. ಮೂವತ್ನಾಲ್ಕೇ. ಮೂವತ್ತು ಮೀಟರಿನ ಆಚೆ ಇಳಿಸಬಾರದ್ದು. ನಿನ್ನೆ ಕಿತ್ತ ಟೇಪು ಕಣ್ಣ ಮುಂದೆ ಬಂತು. ಸ್ಟೂಲಿನ ಮೇಲೆ ಕೂತಳು.

"ಯಾರದು ಇದು?"

"ಡಾಕ್ಟ್ರದು. ಅಷ್ಟು ಆಳಕ್ಕೆ ಹೋಗೋದಲ್ವಾ ಅಂತ ಅವರದ್ದಕ್ಕೂ ಮೀಟರ್ ಹಿಡಿದೆ." ಸೊಸೆ ದನಿ ತಗ್ಗಿಸಿದಳು. "ಬೇರೆ ಟ್ಯಾಂಕು ಕೊಡಿ. ವಾಲ್ವ್ ಸೋರ್ತಿತ್ತು ಅಂತ ಹೇಳ್ತೀನಿ. ಯಾರಿಗೂ ಗೊತ್ತಾಗಲ್ಲ."

ಟೇಪಮ್ಮನಿಗೆ ಆಸೆಯಾಯಿತು. ಹತ್ತೊಂಬತ್ತು ವರ್ಷದ ಹೆಸರು, ಒಂದು ಸಣ್ಣ ಸುಳ್ಳಿನಲ್ಲಿ ಉಳಿದುಹೋಗುತ್ತಿತ್ತು. ರಿಜಿಸ್ಟರನ್ನು ಹತ್ತಿರ ಎಳೆದುಕೊಂಡಳು. ಪುಟದ ತುಂಬ ಇಪ್ಪತ್ತೊಂದು, ಮೂವತ್ತೆರಡು, ಮೂವತ್ತಾರು, ಟೇಪಿನಲ್ಲಿದ್ದ ಹಾಗೆಯೇ. ಹಿಂದಿನ ಪುಟವೂ ಹಾಗೇ, ಅದರ ಹಿಂದಿನದೂ ಹಾಗೇ. ಸೊಸೆ ಬರೆದ ಕಡೆ ಮಾತ್ರ ಮೂವತ್ತೊಂದು ಪಾಯಿಂಟ್ ಎಂಟು, ಮೂವತ್ತೆರಡು ಪಾಯಿಂಟ್ ಮೂರು. ನಿಜವಾಗಿ ಅಳೆದವರಿಗೆ ಅಂಕಿ ಅಷ್ಟು ನುಣ್ಣಗೆ ಬರುವುದಿಲ್ಲ. ಇಷ್ಟು ವರ್ಷ ಯಾರೂ ಸಾಯದೆ ಇದ್ದದ್ದು ತನ್ನ ಜಾಣತನ ಅಂದುಕೊಂಡಿದ್ದಳಲ್ಲ, ಅದು ಬರೀ ಅದೃಷ್ಟ.

ಎದ್ದು ಟ್ಯಾಂಕನ್ನು ತಾನೇ ಹೊತ್ತು ದೋಣಿಯ ಹತ್ತಿರ ಹೋದಳು.

"ಡಾಕ್ಟ್ರೇ, ಇದ್ರಲ್ಲಿ ಮೂವತ್ನಾಲ್ಕಿದೆ. ಇಪ್ಪತ್ತೊಂದು ಅಂತ ಬರೆದೋಳು ನಾನು. ಇಪ್ಪತ್ತೊಂದು ಅಂತ ಸಹಿ ಹಾಕಿದೋರು ನೀವು."

ಡಾಕ್ಟರ ಮುಖ ಬಿಳುಚಿಕೊಂಡಿತು. "ಎಲ್ಲರೂ ಇಳೀರಿ. ಒಬ್ಬೊಬ್ರೇ ಬಂದು ಅಳೆದು ನೋಡಿ," ಅಂದಳು ಟೇಪಮ್ಮ. ದೋಣಿ ಮುಕ್ಕಾಲು ಗಂಟೆ ತಡವಾಗಿ ಹೊರಟಿತು.

ಸಂಜೆ ಮನೆಯಲ್ಲಿ ಮೂವರೂ ಊಟಕ್ಕೆ ಕೂತರು. ಮಗ ಎಂದಿನಂತೆ ತಲೆ ಬಗ್ಗಿಸಿದ. ಟೇಪಮ್ಮ ಸೊಸೆಯ ಕಡೆ ನೋಡಿದಳು.

"ಉಪ್ಪು ಹೇಗಿದೆ? ನಿಜ ಹೇಳು."

ಸೊಸೆ ಗಂಡನ ಮುಖ ನೋಡಿದಳು. "ಸ್ವಲ್ಪ ಜಾಸ್ತಿ ಅತ್ತೆ."

"ಇವತ್ತಾ?"

ಮಗ ತಟ್ಟೆಯಿಂದ ತಲೆ ಎತ್ತಿದ. "ಅಪ್ಪ ಹೋದಾಗಿಂದ್ಲೂ ಜಾಸ್ತೀನೇ ಅಮ್ಮಾ."

"ಏಳು ವರ್ಷ ಆಯ್ತಲ್ಲೋ. ಯಾಕೆ ಹೇಳ್ಲಿಲ್ಲ?"

"ನೀನು ಮಾಡಿದ್ದು ಅಂದ್ಮೇಲೆ ಹೇಳೋದೇನು ಅಂತ."

ಟೇಪಮ್ಮ ಎದ್ದು ಹೋಗಿ, ಒಂದು ಚೊಂಬು ಬಿಸಿನೀರು ತಂದು ಸಾರಿನ ಪಾತ್ರೆಗೆ ಸುರಿದು, ಸೌಟಿನ ತುದಿಯಷ್ಟು ಸೊಸೆಯ ಅಂಗೈಗೆ ಹಾಕಿ, "ಈಗ ನೋಡು," ಅಂದಳು.