ಅಬ್ಬು ಬ್ಯಾರಿಗಳ ಹೆಬ್ಬೆಟ್ಟು

...ಲಾಟೀನು ಉರಿಯುತ್ತಿತ್ತೋ, ಆರಿತ್ತೋ, ಅದರಲ್ಲೇ ನನಗೆ ಸಂಶಯ. ಒಮ್ಮೊಮ್ಮೆ ನೆನಪಿನಲ್ಲಿ ಬೆಳಕಿರುತ್ತದೆ, ಒಮ್ಮೊಮ್ಮೆ ಇರುವುದಿಲ್ಲ. ಆದರೆ ನಡೆದದ್ದಂತೂ ಹೌದು.

ಅರುವತ್ತರ ದಶಕದ ಆರಂಭ. ಕಾವೂರಿನ ಕೆರೆಯ ಹತ್ತಿರ ಒಂದೇ ಕೋಣೆಯ ಪಂಚಾಯತ್ ವಾಚನಾಲಯ. ಅದನ್ನು ನೋಡಿಕೊಳ್ಳುತ್ತಿದ್ದವನು ನಾನು. ಓದು ಬಾರದವರಿಗೆ ಸಂಜೆ ಪೇಪರ್ ಗಟ್ಟಿಯಾಗಿ ಓದಿ ಹೇಳುವುದು ರೂಢಿ. ಬಂದವರು ಹಾಜರಿ ಪುಸ್ತಕಕ್ಕೆ ಸಹಿ ಹಾಕಬೇಕು. ನಾರಿನ ಹಗ್ಗ ಮಾರುವ ಅಬ್ಬು ಬ್ಯಾರಿಗಳದ್ದು ಮಾತ್ರ ಹೆಬ್ಬೆಟ್ಟು. ಬಾಗಿಲ ಬಳಿಯ ಬೆಂಚಿನಲ್ಲಿ ಕೂತು ಕೆಣಕುತ್ತಿದ್ದರು: "ಸ್ವಲ್ಪ ಜೋರು ಓದಿ ಮಾಸ್ಟ್ರೇ, ಸರಕಾರದ ಗುಟ್ಟು ಹೇಳುವುದಾ ನೀವು?"

ಆಮೇಲೆ ಚಾದಂಗಡಿಗೆ ರೇಡಿಯೋ ಬಂತು. ಹಲವರು ಬೊಂಬಾಯಿಗೆ ಹೋದರು. ಅಬ್ಬು ಬ್ಯಾರಿಗಳು ಬಜಪೆಯ ಮಗಳ ಮನೆ ಸೇರಿದರು. ಓದುಗರಿಲ್ಲದಿದ್ದರೆ ವಾಚನಾಲಯಕ್ಕೆ ಬೀಗ, ನಾಳೆ ಹಾಜರಿ ಪುಸ್ತಕ ನೋಡಲು ಬರುತ್ತೇನೆ ಎಂದು ಪಂಚಾಯತ್ ಅಧ್ಯಕ್ಷರು ಹೇಳಿ ಕಳಿಸಿದರು.

ಆ ರಾತ್ರಿ ಊರು ಬಿಟ್ಟವರ ಸಹಿಗಳನ್ನೆಲ್ಲ ನಾನೇ ಹಾಕಿದೆ. ಬಲಗೈಯಲ್ಲಿ, ಎಡಗೈಯಲ್ಲಿ, ಓರೆಯಾಗಿ... ಆ ಭರದಲ್ಲಿ ಅಬ್ಬು ಬ್ಯಾರಿಗಳ ಹೆಸರನ್ನೂ ಬರೆದುಬಿಟ್ಟೆ. ಅಕ್ಷರ ಬಾರದವರಿಗೆ ಸಹಿ!

ಬೆಂಚು ಕಿರ್ರೆಂದಿತು.

ನೀರಿನಲ್ಲಿ ನೆನೆದ ತೆಂಗಿನ ನಾರಿನ ವಾಸನೆ... ಕೋಣೆ ತುಂಬ. ನಾನು ತಲೆಯೆತ್ತಲಿಲ್ಲ.

"ಇವತ್ತು ಎಂತ ಉಂಟು ಮಾಸ್ಟ್ರೇ ಪೇಪರಿನಲ್ಲಿ?"

ಪೇಪರ್ ಬಿಡಿಸಿದೆ. ಪಿಸುದನಿಯಲ್ಲಿ ಓದತೊಡಗಿದೆ.

"ಜೋರು ಓದಿ..."

ಓದಿದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಬೆಂಚು ಮತ್ತೊಮ್ಮೆ ಕಿರ್ರೆಂದಾಗ ಪುಸ್ತಕವನ್ನು ಅಲ್ಲೇ ಬಿಟ್ಟು ಓಡಿದೆ.

ಬೆಳಿಗ್ಗೆ ಅಧ್ಯಕ್ಷರು ಸಹಿಗಳ ಮೇಲೆ ಬೆರಳಾಡಿಸಿದರು. "ಇದೆಲ್ಲ ಒಂದೇ ಕೈ ಅಲ್ವಾ ಮಾರಾಯ್ರೇ?"

ಬೆರಳು ನಿಂತಿತು. ಅಬ್ಬು ಬ್ಯಾರಿಗಳ ಹೆಸರಿನ ಪಕ್ಕದಲ್ಲಿ ನೀಲಿ ಹೆಬ್ಬೆಟ್ಟು.

"ಇದೊಂದು ಮಾತ್ರ ಸತ್ಯ. ಒಬ್ಬರಾದರೂ ಬರ್ತಾರಲ್ಲ... ಆಯ್ತು, ಇನ್ನೊಂದು ವರ್ಷ ನಡೆಯಲಿ."

ಮಧ್ಯಾಹ್ನ ಚಾದಂಗಡಿಯಲ್ಲಿ ಸುದ್ದಿ: ಬಜಪೆಯಲ್ಲಿ ಅಬ್ಬು ಬ್ಯಾರಿಗಳು ತೀರಿಹೋಗಿ ಮೂರು ದಿನವಾಗಿತ್ತು.

ಆ ವರ್ಷವೆಲ್ಲ ಸಂಜೆ ಖಾಲಿ ಬೆಂಚಿಗೆ ಜೋರಾಗಿ ಪೇಪರ್ ಓದಿದೆ. ನಿಲ್ಲಿಸಲು ಹೆದರಿಕೆ.

ಆ ರಾತ್ರಿಗಾಗಲೇ ಸ್ಟಾಂಪ್ ಪ್ಯಾಡು ಒಣಗಿ ತಿಂಗಳುಗಳಾಗಿದ್ದವು. ಆದರೂ ಭಯದಲ್ಲಿ ಪೆನ್ನಿನ ಮಸಿ ಮೆತ್ತಿಕೊಂಡು ನಾನೇ ಒತ್ತಿರಬಹುದು. ಅವತ್ತು ನನ್ನ ಬೆರಳನ್ನು ನೋಡಿಕೊಂಡ ನೆನಪಿಲ್ಲ. ಪುಸ್ತಕ ಈಗಲೂ ನನ್ನ ಹತ್ತಿರವೇ ಇದೆ. ಹೆಬ್ಬೆರಳೊತ್ತಿ ಹೋಲಿಸಿ ನೋಡಬಹುದು.

ಇಂದಿನವರೆಗೂ ನೋಡಿಲ್ಲ. ಆ ಹೆಬ್ಬೆಟ್ಟು ಯಾರದ್ದೆಂದು ನನಗೆ ಗೊತ್ತಿಲ್ಲ.