ಪುನುಗು ಬೆಕ್ಕಿನ ಬಿಳಿ ಮಚ್ಚೆಗಳು

ಫೋಟೋ ನೋಡಿ ನನಗೆ ಮೈಯೆಲ್ಲಾ ಉರಿದುಹೋಯಿತು. ಸಕಲೇಶಪುರದ ಸ್ಟುಡಿಯೋದವನಿಗೆ "ಹೆಂಗಿದ್ದೀನೋ ಹಂಗೇ ತೆಗೀರಿ ಅಣ್ಣ, ಏನೂ ಅಳಿಸ್ಬೇಡಿ" ಎಂದು ಹೇಳಿಯೇ ಕುರ್ಚಿಯ ಮೇಲೆ ಕೂತಿದ್ದೆ. ಬಂದ ಫೋಟೋದಲ್ಲಿ ನನ್ನ ತುಟಿಯ ಸುತ್ತಲಿನ ಬಿಳುಪು ಇಲ್ಲ, ಎಡಗಣ್ಣಿನ ಮೇಲಿನ ಮಚ್ಚೆ ಇಲ್ಲ, ಮಡಿಲಲ್ಲಿಟ್ಟ ಕೈಗಳೆರಡೂ ಒಂದೇ ಬಣ್ಣ. ಹನ್ನೆರಡನೇ ವಯಸ್ಸಿನಿಂದ ನನ್ನ ಜೊತೆಗಿರುವ ತೊನ್ನನ್ನು ಆ ಪುಣ್ಯಾತ್ಮ ಒರೆಸಿ ಹಾಕಿದ್ದ. ನಾನು ಹೊರಗೆ ಚಪ್ಪಲಿ ಮೆಟ್ಟುತ್ತಿದ್ದಾಗ ಅವ್ವ ಒಳಗೇ ಉಳಿದು ಅವನ ಕಿವಿಯಲ್ಲಿ ಹೇಳಿ ಮಾಡಿಸಿದ ಕೆಲಸ ಅದು. ಕೇಳಿದರೆ, "ಸಾವಿರ ಸುಳ್ಳು ಹೇಳಿ ಒಂದು ಮದ್ವೆ ಮಾಡು ಅಂತಾರೆ. ನಾನು ಒಂದೇ ಹೇಳಿರೋದು ಕಣೆ" ಎಂದಳು.

ಅಷ್ಟರಲ್ಲಾಗಲೇ ಆ ಫೋಟೋ ಆಲೂರು ಕಡೆ, ಮಗ್ಗೆಯ ಹತ್ತಿರದ ಒಂದು ಮನೆಗೆ ಹೋಗಿತ್ತು. ಹುಡುಗಿ ಲಕ್ಷಣವಾಗಿದ್ದಾಳೆ, ಭಾನುವಾರ ನೋಡಲು ಬರುತ್ತೇವೆ ಎಂದು ಅವರೂ ಹೇಳಿಬಿಟ್ಟಿದ್ದರು. ಅವ್ವ ಮುಖಕ್ಕೂ ಕೈಗೂ ಬಳಿಯುವ ಕ್ರೀಮ್ ತಂದು ದೇವರ ಗೂಡಿನ ಪಕ್ಕ ಇಟ್ಟಳು. ಇವತ್ತು ಬಳಿದರೆ ನಾಳೆಯೂ ಬಳಿಯಬೇಕು. ಕಟ್ಟಿಕೊಂಡವನ ಮುಂದೆ ಎಷ್ಟು ದಿನ ಮುಖ ತೊಳೆಯದೆ ಇರಲಿ? ಅವರು ನಮ್ಮ ಹೊಸಿಲು ದಾಟುವ ಮೊದಲೇ ನನ್ನ ನಿಜವಾದ ಮುಖ ಅವರಿಗೆ ಗೊತ್ತಾಗಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಅವತ್ತು ಗುರುವಾರ.

ಈ ಹಟ ನನಗೆ ಬಂದದ್ದು ಒಂದು ಸೀಳುನಾಯಿಯಿಂದ. ಹೇಳುತ್ತೇನೆ, ಕೇಳಿ.

ಹಾನುಬಾಳಿನ ಜೆರಾಕ್ಸ್ ಅಂಗಡಿಯಲ್ಲಿ ನನಗೆ ಕೆಲಸ. ನನ್ನ ಕೈಯಿಂದ ಕಾಗದ ತೆಗೆದುಕೊಳ್ಳುವಾಗ ತುದಿ ಹಿಡಿಯುವವರು ಈಗಲೂ ಇದ್ದಾರೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಚಿತ್ರ ಬರೆಯುತ್ತೇನೆ. ಮನುಷ್ಯರ ಹಾಗೆ ನಿಂತು, ಮಾತಾಡಿ, ಮುನಿಸಿಕೊಂಡು, ನಗುವ ಪ್ರಾಣಿಗಳು. ಅಂಥ ಪ್ರಾಣಿಗಳೆಂದರೆ ಪ್ರಾಣ ಬಿಡುವವರದೇ ಒಂದು ಲೋಕ ಫೋನಿನೊಳಗಿದೆ. ತಮ್ಮನ್ನು ಫರಿಗಳು ಎಂದು ಕರೆದುಕೊಳ್ಳುತ್ತಾರೆ. ಪ್ರತಿಯೊಬ್ಬರಿಗೂ ತಾವೇ ಕಟ್ಟಿಕೊಂಡ ಒಂದು ಪ್ರಾಣಿರೂಪ. ನೀನು ಯಾರ ಮಗಳು, ಯಾವ ಕುಲ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಕೆಲವರು ತುಪ್ಪಳದ ತಲೆ, ಬಾಲ ಹೊಲಿಸಿಕೊಂಡು ತೊಡುತ್ತಾರಂತೆ. ನಮ್ಮಂಥವರಿಗೆ ಚಿತ್ರವೇ ಮೈ, ಚಿತ್ರವೇ ಮುಖ. ಚಿತ್ರವಿಲ್ಲದಿದ್ದರೆ ನೀವು ಅಲ್ಲಿ ಹುಟ್ಟಿಯೇ ಇಲ್ಲ. ಬರೆಯಲು ಬಾರದವರು ಬಲ್ಲವರ ಹತ್ತಿರ ಬರೆಸಿಕೊಳ್ಳುತ್ತಾರೆ. ಹಾಗಾಗಿ ಅಲ್ಲಿ ಚಿತ್ರ ಬರೆಯುವವರಿಗೆ ಇರುವ ಮರ್ಯಾದೆ ನಮ್ಮೂರ ಗುಡಿಯ ಪೂಜಾರಿಗೂ ಇಲ್ಲ.

ನಾನು ಅಲ್ಲಿ ಪುನುಗು ಬೆಕ್ಕು. ತೋಟವೆಲ್ಲಾ ಅಲೆದು, ಚೆನ್ನಾಗಿ ಹಣ್ಣಾದ ಕಾಫಿಯನ್ನಷ್ಟೇ ಆರಿಸಿ ತಿನ್ನುವ ಧಿಮಾಕಿನ ಪ್ರಾಣಿ ಅದು. ನಾಲ್ಕು ವರ್ಷ ಅದನ್ನು ಮೈಮೇಲೆ ಒಂದೇ ಒಂದು ಬಿಳಿ ಚುಕ್ಕೆಯೂ ಇಲ್ಲದ ಚೆಲುವೆಯಾಗಿ ಬರೆದೆ.

ಕಳೆದ ವರ್ಷ ಮೈಸೂರಿನ ಹುಡುಗಿಯೊಬ್ಬಳು ತನ್ನ ಸೀಳುನಾಯಿಯನ್ನು ಬರೆದುಕೊಡು ಎಂದು ಕೇಳಿದಳು. ತಾನೇ ಗೀಚಿದ ಒಂದು ಚಿತ್ರ ಕಳಿಸಿದ್ದಳು. ಅದರಲ್ಲಿ ಬಲಗಾಲು ಎಡಗಾಲಿಗಿಂತ ಗಿಡ್ಡವಾಗಿ ಒಳಕ್ಕೆ ತಿರುಗಿತ್ತು. ಪಾಪ, ಬರೆಯಲು ಬಾರದು ಎಂದುಕೊಂಡೆ. ಎರಡು ಕಾಲನ್ನೂ ಸಮ ಮಾಡಿ ಎಂಥ ನಿಲುವು ಕೊಟ್ಟೆ ಅಂತೀರಿ! ಕಳಿಸಿ ಹೊಗಳಿಕೆಗೆ ಕಾದು ಕೂತೆ. "ಆ ಕಾಲು ನಂದು. ಅದನ್ನ ಸರಿ ಮಾಡು ಅಂತ ನಾನು ಕೇಳಿದ್ನಾ?" ಎಂದು ಉತ್ತರ ಬಂತು.

ಒಬ್ಬರ ಪ್ರಾಣಿಯ ಮೈಮೇಲಿನ ಒಂದು ಪಟ್ಟೆಯನ್ನೂ ಅವರನ್ನು ಕೇಳದೆ ಬದಲಿಸಬಾರದು ಎನ್ನುವುದು ನಮ್ಮಲ್ಲಿ ಮೊದಲ ಪಾಠ. ಗೊತ್ತಿದ್ದೂ ತಪ್ಪು ಮಾಡಿದ್ದೆ. ನಾಚಿಕೆಯಿಂದ ಸತ್ತೇಹೋದೆ. ಕ್ಷಮೆ ಕೇಳಿ, ಆ ಕಾಲನ್ನು ಹೇಗೆ ಊರುತ್ತಾಳೆ, ನಿಂತಾಗ ಭಾರ ಎಲ್ಲಿ ಬೀಳುತ್ತದೆ ಎಂದೆಲ್ಲ ಕೇಳಿ ತಿಳಿದುಕೊಂಡು ಮತ್ತೆ ಬರೆದೆ. ಆಮೇಲೆ ಸ್ನೇಹವಾಯಿತು. ಒಂದು ದಿನ ನನ್ನ ತೊನ್ನಿನ ವಿಷಯ ಹೇಳಿಕೊಂಡಾಗ ಅವಳು, "ಹಂಗಾದ್ರೆ ನಿನ್ನ ಬೆಕ್ಕಿಗೆ ಯಾಕಿಲ್ಲ?" ಎಂದಳು. ಸಿಟ್ಟಿನಿಂದ ಎರಡು ದಿನ ಮಾತು ಬಿಟ್ಟೆ.

ಸ್ಟುಡಿಯೋದ ಫೋಟೋ ಕೈಯಲ್ಲಿ ಹಿಡಿದಾಗ ಆ ಪ್ರಶ್ನೆ ಮತ್ತೆ ಎದುರಿಗೆ ಬಂತು. ಅವನನ್ನು ಬೈಯಲು ನನಗೇನು ಹಕ್ಕು? ನಾಲ್ಕು ವರ್ಷದಿಂದ ನಾನೂ ಅದೇ ಕೆಲಸ ಮಾಡಿಕೊಂಡು ಬಂದಿದ್ದೆ. ಅವನಿಗಾದರೂ ಅವ್ವ ಹೇಳಿದ್ದಳು, ನನಗೆ ಯಾರೂ ಹೇಳಿರಲಿಲ್ಲ.

ಕನ್ನಡಿ ಮುಂದಿಟ್ಟುಕೊಂಡು ನನ್ನ ಬೆಕ್ಕಿನ ಹೊಸ ಶೀಟ್ ಬರೆಯಲು ಕೂತೆ. ಶೀಟ್ ಎಂದರೆ ಒಂದೇ ಹಾಳೆಯಲ್ಲಿ ಪ್ರಾಣಿಯ ಮುಂಭಾಗ, ಪಕ್ಕ, ಬೆನ್ನು ಮೂರನ್ನೂ ಬರೆದು ಯಾವ ಗುರುತು ಎಲ್ಲಿದೆ ಎಂದು ತೋರಿಸುವುದು. ಮುಂದೆ ಆ ಪ್ರಾಣಿಯನ್ನು ಯಾರೇ ಬರೆದರೂ ಅದನ್ನು ನೋಡಿಯೇ ಬರೆಯಬೇಕು. ತುಟಿ, ಕಣ್ಣು, ಬೆರಳು, ಮೊಣಕೈ, ಮಂಡಿ, ಒಂದೊಂದು ಮಚ್ಚೆಯನ್ನೂ ಅಳತೆ ತಪ್ಪದೆ ಇಳಿಸಿದೆ. ಶುಕ್ರವಾರ ಮಧ್ಯಾಹ್ನ ಮುಗಿಯಿತು. ಮುಗಿದ ಮೇಲೆ ಧೈರ್ಯ ಬಂತು. ಫೋನಿನಲ್ಲಿ ನನ್ನ ಬರಿ ಮುಖದ ಒಂದು ಫೋಟೋ ತೆಗೆದು, ಜಾತಕದ ಜೊತೆ ಬಂದಿದ್ದ ಹುಡುಗನ ನಂಬರಿಗೆ ಕಳಿಸಿದೆ. "ಮೊದಲು ಬಂದ ಫೋಟೋ ತಿದ್ದಿದ್ದು. ನಾನು ಇರೋದು ಹೀಗೆ. ಒಪ್ಪಿಗೆ ಇದ್ರೆ ಬನ್ನಿ" ಎಂದು ಬರೆದೆ. ಕಳಿಸಿದ ಮೇಲೆ ಅಳಿಸಿಬಿಡೋಣ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಅಳಿಸಲಿಲ್ಲ.

ಶನಿವಾರ ಬೆಳಿಗ್ಗೆ ಆ ಮನೆಯಿಂದ ಅವ್ವನಿಗೆ ಫೋನ್ ಬಂತು. ನಾನು ಕಳಿಸಿದ ಫೋಟೋ ನೋಡಿದರಂತೆ, ನಾಳೆ ಬರುವುದಿಲ್ಲವಂತೆ.

"ಏನ್ ಮಾಡ್ಬುಟ್ಟೆ ನೀನು? ಕೂಡಿ ಬಂದಿದ್ದ ಸಂಬಂಧಕ್ಕೆ ಕಲ್ಲು ಹಾಕ್ಬುಟ್ಟಲ್ಲೇ! ನಿಮ್ಮಪ್ಪನಂತೂ ಇಲ್ಲ, ನಾನೂ ಹೋದ್ಮೇಲೆ ನಿನ್ನ ನೋಡೋರು ಯಾರೇ?" ಎಂದು ಕೂಗಾಡಿದ ಅವ್ವ ಕೊನೆಗೆ ನೆಲದ ಮೇಲೆ ಕೂತು ಅತ್ತಳು. ಬೇಡ ಅನ್ನಿಸಿಕೊಂಡದ್ದು ನನಗೆ ನೋಯಲಿಲ್ಲ ಎಂದರೆ ಯಾರು ನಂಬುತ್ತಾರೆ? ಆದರೂ ನಾನು ಮಾಡಿದ್ದು ತಪ್ಪು ಅನ್ನಿಸಲಿಲ್ಲ.

"ಬರೋರು ನನ್ನ ನೋಡೇ ಬರ್ಲಿ ಕಣವ್ವ. ಇನ್ಮೇಲೆ ಆ ಫೋಟೋ ಯಾರಿಗೂ ಹೋಗ್ಕೂಡ್ದು. ನಾನು ಹೆಂಗಿದ್ದೀನಿ ಅಂತ ನಾನೇ ಬರ್ದಿದ್ದೀನಿ, ನೋಡು" ಎಂದು ಅಂಗಡಿಯಲ್ಲಿ ಪ್ರಿಂಟ್ ಹಾಕಿಕೊಂಡು ಬಂದಿದ್ದ ಶೀಟನ್ನು ಅವಳ ಮಡಿಲಿಗೆ ಹಾಕಿದೆ.

ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಇದೇನೇ ಇದು, ಬೆಕ್ಕು ಮನುಷ್ಯರಂಗೆ ನಿಂತೈತೆ" ಎಂದಳು. ಆಮೇಲೆ ತುಟಿಯ ಹತ್ತಿರ ಅವಳ ಬೆರಳು ನಿಂತಿತು. ಎಡಗಣ್ಣಿನ ಮೇಲೆ ನಿಂತಿತು. ಕೈಗಳ ಮೇಲೆ ನಿಂತಿತು.

"ನೀನಾ ಇದು?"

"ಹೂಂ."

ಹರಿದು ಬಿಸಾಕುತ್ತಾಳೆ ಎಂದೇ ಕಾದೆ. ಅವಳು ಮೂರನೇ ಚಿತ್ರಕ್ಕೆ, ಬೆನ್ನು ತಿರುಗಿಸಿ ನಿಂತ ಬೆಕ್ಕಿಗೆ ಬಂದು ತಲೆ ಅಲ್ಲಾಡಿಸಿದಳು.

"ಇದು ತಪ್ಪೈತೆ."

"ಯಾವ್ದವ್ವ?"

"ಬೆನ್ನು. ಏನೂ ಬರೀದೆ ಹಂಗೇ ಬುಟ್ಟಿದ್ದೀಯ."

ಕನ್ನಡಿಯಲ್ಲಿ ಕಾಣದ್ದನ್ನು ನಾನು ಬರೆದಿರಲಿಲ್ಲ. ಅಲ್ಲಿ ಏನೂ ಇಲ್ಲವೆಂದೇ ತಿಳಿದಿದ್ದೆ.

"ಎಡ ಭುಜದ ಕೆಳಗೆ ಒಂದೈತೆ. ಮೊದ್ಲು ಹುಣಸೆ ಬೀಜದಷ್ಟಿತ್ತು, ಈಗ ಅಂಗೈಯಗಲ ಆಗೈತೆ. ಕತ್ತಿನ ಬುಡದಲ್ಲಿ ಜೋಡಿ. ಸೊಂಟದ ಮೇಲೊಂದು ಉದ್ದಕ್ಕೆ. ಹದಿನಾಲ್ಕು ವರ್ಷ ಎಣ್ಣೆ ತಿಕ್ಕಿರೋಳು ನಾನು, ನಂಗೊತ್ತಿಲ್ವಾ?" ಎನ್ನುತ್ತಾ ಎದ್ದಳು. "ಒಳಿಕ್ ಬಾ. ಬರೆಯೋದಾದ್ರೆ ಸರಿಯಾಗಿ ಬರಿ."

ಬೆಳಕಿರುವ ಕಿಟಕಿಯ ಹತ್ತಿರ ರವಿಕೆ ಸಡಿಲಿಸಿ ಅವಳಿಗೆ ಬೆನ್ನು ಕೊಟ್ಟು ಕೂತೆ. ಶೀಟನ್ನು ಮಡಿಲಲ್ಲಿಟ್ಟುಕೊಂಡು ಪೆನ್ಸಿಲ್ ಅವ್ವನೇ ಹಿಡಿದಳು.